ಪುಸ್ತಕಗಳ ಅಂಗಿ

ಅಂಟು ಗಂಟುಗಂಟಾಗಿದೆ, ಮೈದಾ ಕುದಿಯುವಾಗ ಕೈಬಿಡದೆ ತಿರುವಬೇಕು, ತಿರುವಲಿಲ್ಲ, ಕೈ ಒಲೆಯ ಹತ್ತಿರವೇ ಇತ್ತು, ಮನಸ್ಸು ಎಲ್ಲಿತ್ತೋ — ಎಲ್ಲಿತ್ತೋ ಏನು ಬಂತು, ಎಲ್ಲಿತ್ತು ಅಂತ ನನಗೆ ಚೆನ್ನಾಗಿ ಗೊತ್ತು, ಬೆಳಿಗ್ಗೆ ಮಗ್ಗಿಯ ಪುಟದ ಮೇಲೆ ಎಡದಿಂದ ಬಲಕ್ಕೆ ಓಡುತ್ತಿದ್ದ ಆ ಸಣ್ಣ ಬೆರಳಿನ ಮೇಲಿತ್ತು. ಇರಲಿ, ಗಂಟಿದ್ದರೂ ಕಾಗದ ಅಂಟದೆ ಎಲ್ಲಿಗೆ ಹೋಗುತ್ತದೆ, ಬಟ್ಟಲು ತಂದು ಮೇಜಿನ ನಡುವೆ ಇಟ್ಟೆ, ಮೂರು ತಲೆಗಳೂ ಬಗ್ಗಿದವು. ಇದು ಕೈಕೆಲಸದ ಹೊತ್ತು. ನಮ್ಮ ಮನೆಯೇ ಶಾಲೆ, ಇದೇ ಮೇಜು ತರಗತಿ, ಇದೇ ಮೇಜು ಊಟದ ಮನೆ, ಟೀಚರೂ ನಾನೇ, ಆಯಾ ಕೂಡ ನಾನೇ, ಗಂಟೆ ಹೊಡೆಯುವವಳೂ ನಾನೇ. ದೊಡ್ಡವಳಿಗೆ ಎಂಟು ವರ್ಷ, ಹುಟ್ಟುವಾಗಲೇ ಗಂಭೀರ, ಅದಕ್ಕೇ ಮನೆಯಲ್ಲಿ ಎಲ್ಲರ ಬಾಯಲ್ಲೂ ಅಜ್ಜಮ್ಮ. ಅವಳ ಕೆಳಗಿನವನು ಪಟಾಕಿ, ಐದು ವರ್ಷ, ಬಾಯಿಗೆ ಬೀಗವಿಲ್ಲ. ಸಣ್ಣದಕ್ಕೆ ಇನ್ನೂ ಅಂಟು ತಿನ್ನುವ ವಯಸ್ಸು. ಅಜ್ಜಮ್ಮ ಗುಂಡಿ ಪೋಣಿಸಲು ಸೂಜಿಗೆ ದಾರ ಹಾಕುತ್ತಿದ್ದಾಳೆ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ತೂತನ್ನು ನಾಲಿಗೆಯ ತುದಿಗೆ ತಾಗಿಸಿ, ಒಂದೇ ಸಲಕ್ಕೆ. ನೋಡದೆ ಹಾಕುತ್ತಾಳೆ ನೋಡಿ, ಎಂಥ ಕೈಗುಣ ಅಂತ ನಾನು ಮನೆಗೆ ಬಂದವರಿಗೆಲ್ಲ ಕರೆದು ತೋರಿಸಿದ್ದೇನೆ. ನೋಡದೆ ಹಾಕುತ್ತಾಳೆ. ಅಯ್ಯೋ ನನ್ನ ಜಾಣತನಕ್ಕೆ ಇಷ್ಟು ಬೆಂಕಿ ಬೀಳ.

ನನ್ನ ಮಗಳಿಗೆ ಕಣ್ಣು ಕಾಣುತ್ತಿಲ್ಲ. ಒಂದು ಸಲ ನೇರವಾಗಿ ಹೇಳಿಕೊಂಡೆ, ಒಳಗೇ ಹೇಳಿಕೊಂಡದ್ದು. ಪೂರಾ ಕತ್ತಲೆ ಇರಲಾರದು, ಬೆಳಕು ಗೊತ್ತಾಗುತ್ತದೆ, ಮೂಗಿನ ಹತ್ತಿರ ಹಿಡಿದರೆ ಹಳದಿ ಯಾವುದು ಕೆಂಪು ಯಾವುದು ಗೊತ್ತಾಗುತ್ತದೆ, ಅಕ್ಷರ ಗೊತ್ತಾಗುವುದಿಲ್ಲ, ಮುಖ — ಮುಖದ ವಿಷಯ ಆಮೇಲೆ. ಎಲ್ಲ ಆ ಪುಸ್ತಕಗಳ ಅಂಗಿಯಿಂದ ಗೊತ್ತಾಯಿತು. ಇವರದು ಕುಶನ್ ಅಂಗಡಿ, ಸೋಫಾಕ್ಕೆ ಹೊದಿಸಿ ಮಿಕ್ಕ ತುಂಡುಗಳು ಚೀಲಗಟ್ಟಲೆ ಮನೆಗೆ ಬರುತ್ತವೆ, ಅದರಲ್ಲಿ ಒಂದೊಂದು ಪುಸ್ತಕಕ್ಕೂ ಒಂದೊಂದು ಹೊದಿಕೆ ಹೊಲಿದಿದ್ದೆ, ಪ್ರಾರ್ಥನೆಯ ಪುಸ್ತಕಕ್ಕೆ ಮಖಮಲ್, ಮಗ್ಗಿಗೆ ಗೋಣಿ, ಕಥೆಗೆ ರೆಕ್ಸಿನ್, ಮಕ್ಕಳು ಅದನ್ನು ಪುಸ್ತಕದ ಅಂಗಿ ಅನ್ನುತ್ತಾರೆ. ನಿನ್ನೆ ಅಂಗಿಗಳನ್ನೆಲ್ಲ ಒಗೆದೆ. ಒಣಗಿದ ಮೇಲೆ ತೊಡಿಸೋ ಕೆಲಸ ನಂದು ಅಂತ ಪಟಾಕಿ ಹಟ ಹಿಡಿದ, ಹಾಳಾಗಿಹೋಗು ತೊಡಿಸು ಅಂದೆ, ಮಖಮಲ್ಲನ್ನು ತಂದು ಮಗ್ಗಿಗೆ ತೊಡಿಸಿದ್ದಾನೆ. ಬೆಳಿಗ್ಗೆ ಅಜ್ಜಮ್ಮ ಕಪಾಟಿನಲ್ಲಿ ಕೈಯಾಡಿಸಿ ಮಖಮಲ್ಲನ್ನು ಎಳೆದುಕೊಂಡಳು, ಬೆನ್ನು ನೆಟ್ಟಗೆ ಮಾಡಿ ಕೂತಳು, ಪುಟ ತೆರೆದಳು, ಬೆರಳಿಟ್ಟಳು, ನೀ ಮುಂದೆ ನಡೆದರೆ ನನಗೆ ದಾರಿ ತಪ್ಪದು, ನೀ ಕೈ ಹಿಡಿದರೆ ನನ್ನ ಕಾಲು ಎಡವದು, ಒಂದು ಅಕ್ಷರ ತಪ್ಪಿಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ಉಸಿರು, ನಾನು ಸಣ್ಣದರ ಮೂಗು ಒರೆಸುತ್ತ ಅವಳ ಹೆಗಲ ಮೇಲಿಂದ ಸುಮ್ಮನೆ ಇಣುಕಿದೆ, ಬೆರಳು ಏಳರ ಮಗ್ಗಿಯ ಮೇಲೆ ಓಡುತ್ತಿದೆ, ಪುಸ್ತಕ ತಲೆಕೆಳಗಾಗಿದೆ. ಅಮ್ಮ, ಅಕ್ಕ ಮಗ್ಗಿ ಪುಸ್ತಕದಲ್ಲಿ ಪ್ರಾರ್ಥನೆ ಓದ್ತಾಳೆ ಅಂತ ಪಟಾಕಿ ಉರುಳಾಡಿ ನಕ್ಕ. ಅವಳು ನಿಲ್ಲಿಸಿದಳು. ಪುಸ್ತಕದ ಬೆನ್ನು ಸವರಿದಳು. ಮಖಮಲ್ಲೇ ಇದೆಯಲ್ಲ, ಅಂದಳು. ಅವಳ ದನಿಯಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಅಳುಕು ಒಂದಿಷ್ಟಾದರೂ ಇದ್ದಿದ್ದರೆ ಗದರಿಸಬಹುದಿತ್ತು.

ಇಲ್ಲ, ಸೋಮಾರಿತನ ಇರಬಹುದು, ಬಾಯಿಪಾಠ ಮಾಡಿ ಒಪ್ಪಿಸುವ ಚಾಳಿ ಯಾವ ಮಕ್ಕಳಿಗಿಲ್ಲ, ಇನ್ನೊಂದು ಸಲ ನೋಡೋಣ ಅಂತ ಈಗ ಮೇಜಿನ ಈಚೆಯಿಂದ ಬಾಯಿ ಬಿಡದೆ ಕೈಯೆತ್ತಿ ಮೂರು ಬೆರಳು ತೋರಿಸಿದೆ. ಅವಳು ನನ್ನ ಕಡೆಗೇ ಮುಖ ಮಾಡಿದ್ದಾಳೆ, ಗುಂಡಿ ಹುಡುಕುತ್ತಿದ್ದಾಳೆ. ನಾಲಿಗೆ ಚಾಚಿದೆ. ಕಣ್ಣು ಮೆಳ್ಳೆ ಮಾಡಿದೆ, ಕೆನ್ನೆ ಉಬ್ಬಿಸಿದೆ, ಮೂಗು ಮೇಲಕ್ಕೆ ಒತ್ತಿ ಹಂದಿಯ ಮೂಗು ಮಾಡಿದೆ, ಹೆತ್ತ ತಾಯಿ ಮಗಳೆದುರು ಮಂಗನ ಹಾಗೆ, ಯಾರಾದರೂ ಕಿಟಕಿಯಿಂದ ನೋಡಿದ್ದರೆ ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡು ಹೋಗುತ್ತಿದ್ದರು, ಪಟಾಕಿ ಕಿಸಕ್ಕನೆ ನಕ್ಕ, ಸಣ್ಣದೂ ನಕ್ಕಿತು, ಅಜ್ಜಮ್ಮ ಆ ನಗು ಬಂದ ಕಡೆ ತಿರುಗಿ, ಯಾಕ್ರೋ ನಗ್ತೀರ, ನಂಗೂ ಹೇಳ್ರೋ, ಅಂದಳು. ಹಂದಿ ಮೂಗಿನ ಮೇಲಿದ್ದ ಬೆರಳು ಹಾಗೇ ಉಳಿಯಿತು. ಕಣ್ಣಲ್ಲಿ ನೀರು ಬಂತು, ಬರಲಿ, ಅದೂ ಅವಳಿಗೆ ಕಾಣುವುದಿಲ್ಲ. ಅಮ್ಮ ಸುಮ್ನೆ ಏನೋ ಮಾಡ್ತಿದ್ದಾಳೆ ಅಂತ ಪಟಾಕಿ ಹೇಳಿದ, ನಾನು ಎದ್ದು ಸ್ಟವ್ವಿನ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದೆ.

ದೀಪದ ಬುಡದಲ್ಲೇ ಕತ್ತಲೆ ಅಂತ ಎಷ್ಟು ಸಲ ಬೇರೆಯವರಿಗೆ ಹೇಳಿದ್ದೇನೆ. ನಾನೂ ಶಾಲೆಯಲ್ಲಿ ಪಾಠ ಹೇಳಿದವಳೇ, ಒಂದು ಕೋಣೆಗೆ ಅರವತ್ತು ಮಕ್ಕಳು, ಯಾರು ಅಳುತ್ತಿದ್ದಾರೆ ಯಾರು ನಗುತ್ತಿದ್ದಾರೆ ಅಂತ ಗೊತ್ತಾಗುವ ಮೊದಲೇ ಗಂಟೆ ಹೊಡೆಯುತ್ತಿತ್ತು, ನನ್ನ ಮಕ್ಕಳನ್ನು ಈ ಸಂತೆಗೆ ತಳ್ಳುವುದಿಲ್ಲ, ಮನೆಯಲ್ಲಿಟ್ಟುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸುತ್ತೇನೆ ಅಂದಿದ್ದೆ. ಕಣ್ಣಲ್ಲಿ ಕಣ್ಣಿಟ್ಟು. ಆ ಸಂತೆಯಲ್ಲಿ ಒಂದು ಕರಿಹಲಗೆ ಇತ್ತು, ದೂರದ ಬೆಂಚಿನಲ್ಲಿ ಕೂತ ಹುಡುಗಿ ಹಲಗೆ ಕಾಣಲ್ಲ ಟೀಚರ್ ಅಂದರೆ ಮುಂದೆ ಬಾ ಅನ್ನುತ್ತಿದ್ದೆ, ಕಣ್ಣು ತೋರಿಸಮ್ಮ ಅಂತ ಅವರ ಮನೆಗೆ ಹೇಳಿ ಕಳಿಸುತ್ತಿದ್ದೆ, ಯಾರ್ಯಾರ ಮಕ್ಕಳಿಗೋ ಹೇಳಿದ್ದೇನೆ. ಇಲ್ಲಿ ಹಲಗೆಯೇ ಇಲ್ಲ. ಇಲ್ಲಿ ಪಾಠವೆಂದರೆ ನನ್ನ ಮಡಿಲು, ನಾನು ಗಟ್ಟಿಯಾಗಿ ಓದುತ್ತೇನೆ, ಅವಳ ಬೆರಳನ್ನು ಹಿಡಿದು ಸಾಲಿನ ಕೆಳಗೆ ನಡೆಸುತ್ತೇನೆ, ಅವಳು ನನ್ನ ಹಿಂದೆಯೇ ಹೇಳುತ್ತಾಳೆ, ಮೂರನೆಯ ದಿನಕ್ಕೆ ಬೆರಳು ತಾನೇ ಓಡುತ್ತದೆ, ಬಾಯಿ ತಾನೇ ಹೇಳುತ್ತದೆ. ಅಕ್ಷರ ಕಲಿಸಿದ್ದೂ ನನ್ನದೇ ಹೆಮ್ಮೆಯ ವಿಧಾನ, ಮರ ಉಜ್ಜುವ ಉಪ್ಪುಕಾಗದವನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿ, ಮುಟ್ಟಿ ಮುಟ್ಟಿ ಕಲಿಯಲಿ ಅಂತ, ಮುಟ್ಟಿಯೇ ಕಲಿತಳು, ಬರೆಯುತ್ತಾಳೆ ಕೂಡ, ದಪ್ಪದಪ್ಪಗೆ, ಸಾಲು ಬಿಟ್ಟು, ಸಾಲು ಬಿಡಬೇಡವೇ ಅಂತ ನಾನು ಕೈಗೆ ಎರಡು ಬಾರಿಸಿದ್ದೂ ಇದೆ. ಅತ್ತಿಗೆ, ಇವರ ಅಕ್ಕ, ಬಂದಾಗೊಮ್ಮೆ, ಅಲ್ಲ ಕಣೇ, ಈ ಮಗು ನನ್ನ ಕಿವೀನ ನೋಡ್ಕೊಂಡು ಮಾತಾಡುತ್ತೆ, ಒಂದ್ಸಲ ಕಣ್ಣು ತೋರ್ಸು ಅಂದರು, ನಾಚಿಕೆ ಸ್ವಭಾವ ಅತ್ತಿಗೆ ಅಂದೆ, ಅವರು ಹೋದ ಮೇಲೆ, ಶಾಲೆಗೆ ಕಳಿಸಿಲ್ಲ ಅಂತ ಹೊಟ್ಟೆಯುರಿ, ಅದಕ್ಕೆ ಒಂದೊಂದು ಕೊಂಕು ತೆಗೀತಾರೆ ಅಂತ ಇವರ ಹತ್ತಿರ ಹೇಳಿದೆ. ಸಂಜೆ ಹೊತ್ತು ಅಂಗಳಕ್ಕೆ ಬರಲೊಲ್ಲಳು, ಹೆದರುಪುಕ್ಕಲಿ ಅಂದೆ. ಬೀದಿಯಲ್ಲಿ ನನ್ನ ಕೈ ಬಿಡಳು, ಅಮ್ಮನ ಬಾಲ ಅಂದೆ. ಒಂದೊಂದಕ್ಕೂ ಒಂದೊಂದು ಮುದ್ದಿನ ಹೆಸರು ಸಿದ್ಧವಾಗಿತ್ತು.

ಇವರಿಗೆ ಫೋನ್ ಮಾಡಿದೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಪಿಸುಮಾತಿನಲ್ಲಿ. ಆಚೆ ಮೊಳೆ ಹೊಡೆಯುವ ಸದ್ದು ಇತ್ತು, ನಾನು ಹೇಳುತ್ತಿದ್ದಂತೆ ನಿಂತಿತು. ಆಮೇಲೆ ಇವರು ಗಂಟಲು ಸರಿಮಾಡಿಕೊಂಡರು, ಅತ್ತಿದ್ದರೋ ಏನೋ, ನನಗೆ ಗೊತ್ತು ಇವರದು ಕಲ್ಲು ಮನಸ್ಸಲ್ಲ, ಸಣ್ಣವಳಿದ್ದಾಗ ಅವಳಿಗೆ ಜ್ವರ ಏರಿ ಕಣ್ಣು ಮೇಲಾದಾಗ ಪ್ರಾರ್ಥನೆಗೆ ಮೊಣಕಾಲೂರಿ ಕೂತವರು ಜ್ವರ ಇಳಿಯುವ ತನಕ ಏಳಲಿಲ್ಲ, ಜ್ವರ ಇಳಿಯಿತು, ದೇವರು ಕೈಬಿಡುವುದಿಲ್ಲ ಅನ್ನಲು ಅಂದಿನಿಂದ ಇವರಿಗೆ ಅದೇ ಸಾಕ್ಷಿ. ಹೆದರ್ಬೇಡ, ಸಂಜೆ ಬರ್ತೀನಿ, ಎಲ್ಲಾರೂ ಕೂತು ದೇವರನ್ನ ಕೇಳ್ಕೊಳ್ಳೋಣ ಅಂದರು. ಡಾಕ್ಟರಿಗೆ ತೋರಿಸ್ಬೇಕು ಅಂದೆ. ತೋರಿಸೋಣ, ಯಾರು ಬೇಡ ಅಂದ್ರು, ಭಾನುವಾರ ಪ್ರಾರ್ಥನೆ ಸಭೇಲಿ ಅವಳು ಓದೋದಿದೆ, ಎಲ್ಲರಿಗೂ ಹೇಳ್ಬಿಟ್ಟಿದೀನಿ, ಅದೊಂದು ಮುಗೀಲಿ, ಈಗಲೇ ಮಗೂನ ಗಾಬರಿ ಮಾಡ್ಬೇಡ, ಡಾಕ್ಟರು ಎಲ್ಲಿಗೂ ಓಡಿಹೋಗಲ್ಲ. ಡಾಕ್ಟರು ಓಡಿಹೋಗಲ್ಲರೀ, ಕಣ್ಣು ಓಡಿಹೋಗ್ತಿದೆ ಅಂದೆ. ನಂಬಿಕೆ ಇರಲಿ ಅಂದರು. ಫೋನ್ ಇಟ್ಟರು. ನಂಬಿಕೆ. ಪ್ರತಿ ಸಂಜೆ ಊಟಕ್ಕೆ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಇವರು ಹೇಳುವುದು ಅದನ್ನೇ, ಕಂಡಿದ್ದನ್ನ ಯಾರು ಬೇಕಾದ್ರೂ ನಂಬ್ತಾರೆ, ಕಾಣದೇ ಇರೋದನ್ನ ನಂಬೋದೇ ನಂಬಿಕೆ, ಅಜ್ಜಮ್ಮ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಾಳೆ. ನಾನೂ ನಂಬಿದವಳೇ, ಈಗಲೂ ನಂಬುತ್ತೇನೆ, ಅದಕ್ಕೇ ಕೇಳುತ್ತಿದ್ದೇನೆ, ಎಲ್ಲವನ್ನೂ ನೋಡುವವನು ನೀನು, ಇದನ್ನು ನೋಡುತ್ತಾ ಕೂತಿದ್ದೆಯಾ, ದಿನಾ ಬೆಳಿಗ್ಗೆ ಆ ಬೆರಳು ಎಡದಿಂದ ಬಲಕ್ಕೆ ಓಡುವಾಗ, ನಿನ್ನ ಹೆಸರನ್ನೇ ಹೇಳುತ್ತಾ ಓಡುವಾಗ, ನನ್ನ ತಲೆಗೊಂದು ಮೊಟಕಬಾರದಿತ್ತಾ, ನಿನಗೇನು ಕೈ ನೋಯುತ್ತಿತ್ತಾ. ನಲ್ಲಿ ತೊಟ್ಟಿಕ್ಕುತ್ತಿದೆ, ವಾಷರ್ ಹಾಕಿಸಬೇಕು. ಭಾನುವಾರದ ತನಕ ಕಾಯುವುದಿಲ್ಲ. ಸಂಜೆಯ ತನಕವೂ ಕಾಯುವುದಿಲ್ಲ, ಇವರು ಬೈದರೆ ಬೈದುಕೊಳ್ಳಲಿ, ಡಾಕ್ಟರು ಮೊದಲು ಕೇಳುವ ಪ್ರಶ್ನೆ ಏನೆಂದೂ ಗೊತ್ತು, ಎಷ್ಟು ದಿನದಿಂದಮ್ಮ, ಏನು ಹೇಳಲಿ, ಮೂರು ಹೊತ್ತೂ ಜೊತೆಗಿದ್ದೆ, ಆದ್ದರಿಂದ ಗೊತ್ತಿಲ್ಲ ಡಾಕ್ಟರೇ.

ಏಳಿ ಮಕ್ಕಳೇ, ಕೈ ತೊಳ್ಕೊಳಿ, ಹೊರಗೆ ಹೋಗೋಣ. ಪಟಾಕಿ ಕುಣಿದ, ಸಣ್ಣದನ್ನು ಸೊಂಟಕ್ಕೇರಿಸಿದೆ, ಅದರ ಗದ್ದಕ್ಕೆಲ್ಲ ಅಂಟು. ಅಜ್ಜಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು, ಗೋಡೆ ಸವರುತ್ತ ಬಾಗಿಲ ಹತ್ತಿರ ಬಂದು, ಕಾಲಲ್ಲಿ ತಡವಿ ತನ್ನ ಚಪ್ಪಲಿಯನ್ನೇ ಹುಡುಕಿ ಹಾಕಿಕೊಂಡಳು, ದಿನಾ ಹೀಗೇ ಹಾಕಿಕೊಳ್ಳುತ್ತಿದ್ದಳು, ದಿನಾ ನನ್ನ ಎದುರಿಗೇ. ಎಲ್ಲಿಗಮ್ಮ. ಕಣ್ಣಿನ ಡಾಕ್ಟರ ಹತ್ರ. ಯಾರಿಗೆ ಏನಾಗಿದೆ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ, ಅವಳೆದುರು ಕುಕ್ಕರಗಾಲಲ್ಲಿ ಕೂತೆ, ನಿನಗೆ ಪುಸ್ತಕದಲ್ಲಿರೋ ಅಕ್ಷರ ಕಾಣ್ತಿಲ್ಲ ಕಂದ, ಅದಕ್ಕೆ. ಅವಳು ಯೋಚನೆ ಮಾಡಿದಳು, ಹುಬ್ಬು ಗಂಟಿಕ್ಕಿ, ಅಜ್ಜಮ್ಮನೇ. ಉಪ್ಪುಕಾಗದದ್ದು ಕೈಗೆ ಸಿಗುತ್ತೆ, ಪುಸ್ತಕದ್ದು ಸಿಗಲ್ಲ, ಆದ್ರೂ ಇದೆ, ಅಲ್ವಾ, ನೀನೇ ಹೇಳಿದ್ದೆ ಬೆರಳಿನ ಮೇಲೇ ಇದೆ ಅಂತ. ಇದೆ ಕಂದ. ನಿನಗೆ ಕಾಣುತ್ತಾ? ಹೂಂ. ಅಪ್ಪನಿಗೆ? ಹೂಂ. ಇವನಿಗೂ? ನಂಗೂ ಕಾಣುತ್ತೆ, ಕರೀ ಬಣ್ಣ ಇರುತ್ತೆ ಅಕ್ಕ, ಇರುವೆ ಥರ, ಅಂದ ಪಟಾಕಿ. ಅವಳು ನನ್ನ ಕಿವಿಯ ಪಕ್ಕದ ಗಾಳಿಯನ್ನು ನೋಡಿದಳು, ಅಳಲಿಲ್ಲ, ಮೋಸವಾಯಿತು ಅನ್ನುವ ಹಾಗೆ ತುಟಿ ಒಂದು ಸಲ ಅದುರಿತು. ನೀವೆಲ್ಲ ನೋಡ್ತಿದ್ರಾ ಅಮ್ಮ, ಅಂದಳು, ನಾನು ನಂಬ್ತಿದ್ದೆ.

ಬಾಗಿಲು ತೆರೆದಿದೆ, ಹೊರಗೆ ಬಿಸಿಲು, ಎದ್ದು ನಡೆಯಬೇಕು, ಬಸ್ಸು ಎಲ್ಲಿ ಸಿಗುತ್ತದೆ, ಸಣ್ಣದರ ಗದ್ದ ಒರೆಸಬೇಕು, ಏನಾದರೂ ಹೇಳಬೇಕು ಇವಳಿಗೆ, ತಾಯಿಯಾದವಳು ಏನಾದರೂ ಹೇಳಬೇಕು, ಕಣ್ಣ ಮುಂದೆ ಆ ಬೆರಳೊಂದೇ ಬರುತ್ತಿದೆ, ಎಡದಿಂದ ಬಲಕ್ಕೆ, ತಲೆಕೆಳಗಾದ ಪುಟದ ಮೇಲೆ, ಸಾಲು ಮುಗಿಯಿತು ಅಂದುಕೊಂಡ ಕಡೆ ನಿಂತು, ಕೆಳಗಿಳಿದು, ಮತ್ತೆ ಎಡದಿಂದ, ಅಷ್ಟು ನಿಧಾನವಾಗಿ, ಅಷ್ಟು ನಂಬಿ, ಬೆರಳು —