ಕಿವಿ ಕಾಣಬೇಕು

"ಕಿವಿ ಕಾಣ್ಬೇಕು ಕಣಮ್ಮ, ಎರಡೂ ಕಿವಿ," ಎಂದು ಕ್ಯಾಮೆರಾದ ಹಿಂದಿನಿಂದ ಗುರುಮೂರ್ತಿಯವರು ಮೂರನೇ ಸಲ ಹೇಳಿದರು. ಸುಮನಾ ಮಗಳ ಕೂದಲನ್ನು ಮತ್ತೆ ಹಿಂದಕ್ಕೆ ಬಾಚಿ, ತನ್ನ ತಲೆಯಿಂದಲೇ ಎರಡು ಕಪ್ಪು ಕ್ಲಿಪ್ಪು ಕಿತ್ತು ಸಿಕ್ಕಿಸಿದಳು. ಏಳು ವರ್ಷದ ಹೇಮಶ್ರೀ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು. ನಗಬಾರದು ಎಂದು ಹೇಳಿದ್ದೇ ತಪ್ಪಾಗಿತ್ತು. ಹುಡುಗಿಗೆ ಈಗ ನಗು ತಡೆಯಲಾಗುತ್ತಿರಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದ ಬಾಯಿಗೆ ಆಗಾಗ ಕೈ ಅಡ್ಡ ಹಿಡಿಯುತ್ತಿದ್ದಳು.

ಕೊನೆಗೂ ಫ್ಲ್ಯಾಶ್ ಮಿಂಚಿತು. "ಎಷ್ಟು ಕಾಪಿ ಹಾಕ್ಲಿ?" ಎಂದರು ಗುರುಮೂರ್ತಿ.

"ಹನ್ನೆರಡು ಸಾ. ಹಿಂದೆ ಬಿಳಿ ಇರ್ಬೇಕಂತೆ."

"ಹನ್ನೆರಡಾ? ಇಷ್ಟು ದೊಡ್ಡ ಮಗೂಗೆ ಪಾಸ್‌ಪೋರ್ಟ್ ಆಫೀಸ್ನಲ್ಲೇ ಫೋಟೋ ತೆಗೀತಾರೆ ಕಣಮ್ಮ. ವೀಸಾಗೆ ಅಂದ್ರೂ ಎರಡಿದ್ರೆ ಧಾರಾಳ."

"ಮಾವನೋರು ಹೇಳವ್ರೆ. ಇರ್ಲಿ ಬಿಡಿ."

"ನಂಗೇನು, ಹಾಕೋಣ. ಕರೆಂಟು ಹೋಗಿ ಬಂದು ಮಾಡ್ತೈತೆ, ಒಂದು ಗಂಟೆ ಬಿಟ್ಟು ಬಾ."

ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಈ ಸ್ಟುಡಿಯೋದ ಗುರುಮೂರ್ತಿಯವರೇ ಸುಮನಾಳ ಮದುವೆಯ ಫೋಟೋ ತೆಗೆದವರು. ಆ ಆಲ್ಬಮ್ಮು ಈಗ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ. ಗಂಡ ಬಸವೇಶ್ ಮೂರನೇ ಸಲ ಕೈ ಎತ್ತಿದ ದಿನ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಜ್ಜಂಪುರದ ಅಣ್ಣನ ಮನೆ ಸೇರಿದವಳು, ಮೂರು ವರ್ಷವಾದರೂ ತಿರುಗಿ ಹೋಗಿರಲಿಲ್ಲ. ಹಾಲಿನ ಡೈರಿಯಲ್ಲಿ ಕೆಲಸ ಹಿಡಿದಿದ್ದಳು. ಬೆಳಿಗ್ಗೆ, ಸಂಜೆ ಕ್ಯೂ ನಿಂತವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಎಷ್ಟು ನೀರು ಬೆರೆತಿದೆ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು ಅವಳ ಕೆಲಸ. ಊರಿನ ಘಟವಾಣಿ ಹೆಂಗಸರೂ ಅವಳ ಮುಂದೆ ಕ್ಯಾನು ಇಡುವಾಗ ಸ್ವಲ್ಪ ಮೆತ್ತಗಾಗುತ್ತಿದ್ದರು.

ಅವಳ ಮತ್ತು ಬಸವೇಶನ ವಿಷಯ ಕೋರ್ಟಿಗೆ ಹೋಗಲಿಲ್ಲ. ಎರಡೂ ಕಡೆಯ ಹಿರಿಯರು ಮಠಕ್ಕೆ ಕರೆದುಕೊಂಡು ಹೋದರು. ಮಗು ತಾಯಿಯ ಹತ್ತಿರ ಬೆಳೆಯಲಿ, ರಜೆಯಲ್ಲಿ ಅಜ್ಜ ಅಜ್ಜಿಯ ಮನೆಗೆ ಹೋಗಿ ಬರಲಿ ಎಂದು ಮಠದ ಸ್ವಾಮಿಗಳು, ಬುದ್ಧಿಯವರು, ಅಪ್ಪಣೆ ಕೊಡಿಸಿದರು. ಎಲ್ಲರೂ ಕಾಲಿಗೆ ಬಿದ್ದು, ವಿಭೂತಿ ಹಚ್ಚಿಕೊಂಡು, ದಾಸೋಹದ ಊಟ ಮಾಡಿ ಬಂದರು. ಕಾಗದ ಯಾರೂ ಬರೆಯಲಿಲ್ಲ. ಅಂಥ ಕಡೆ ಕಾಗದ ಕೇಳುವುದೆಂದರೆ ಬುದ್ಧಿಯವರ ಮಾತನ್ನೇ ನಂಬಲಿಲ್ಲ ಎಂದಂತೆ. ಸುಮನಾಳ ಅಣ್ಣನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಬಸವೇಶ್ ಆಮೇಲೆ ಮಸ್ಕತ್ತಿಗೆ ಹೋದ. ಅಲ್ಲೊಂದು ದೊಡ್ಡ ಅಂಗಡಿಯಲ್ಲಿ ಸೂಪರ್‌ವೈಸರ್. ಈ ವರ್ಷ ಬೇಸಿಗೆ ರಜೆಗೆ ಮಗಳನ್ನು ಒಂದು ತಿಂಗಳು ಕಳಿಸಿಕೊಡು, ನನ್ನ ಅಪ್ಪ ಅಮ್ಮನ ಜೊತೆ ಬರಲಿ ಎಂದು ಫೋನಿನಲ್ಲಿ ಮೆತ್ತಗೆ ಕೇಳಿದ್ದ. ಸುಮನಾ ಮೊದಲು ಆಗುವುದಿಲ್ಲ ಎಂದುಬಿಟ್ಟಿದ್ದಳು. ಆದರೆ ಹೇಮಶ್ರೀ ಮೂರು ದಿನ ಊಟ ಬಿಟ್ಟು ಹಟ ಹಿಡಿದಳು. ಅಪ್ಪನನ್ನು ನೋಡುವ ಆಸೆ ಮಗುವಿನದು, ಅದನ್ನು ತಪ್ಪಿಸಲು ತಾನ್ಯಾರು ಅನ್ನಿಸಿ ಒಪ್ಪಿಕೊಂಡಳು. ಬೇಕಾದ ಕಾಗದಗಳ ಪಟ್ಟಿ ಮರುದಿನವೇ ವಾಟ್ಸಾಪಿಗೆ ಬಂತು. ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡು, ಅಂಕಪಟ್ಟಿ, ಶಾಲೆಯಿಂದ ಪತ್ರ, ಫೋಟೋ. ಹದಿನೈದು ದಿನ ಆ ಆಫೀಸು ಈ ಆಫೀಸು ಅಲೆದು ಒಂದೊಂದನ್ನೇ ತಂದು ನೀಲಿ ಫೈಲಿಗೆ ಸೇರಿಸಿದ್ದಳು. ಬುಧವಾರ ಬಸವೇಶ್ ಬರುತ್ತಾನೆ, ಗುರುವಾರ ಶಿವಮೊಗ್ಗದ ಪಾಸ್‌ಪೋರ್ಟ್ ಆಫೀಸಿನಲ್ಲಿ ಅಪಾಯಿಂಟ್‌ಮೆಂಟು ಸಿಕ್ಕಿದೆ. ಉಳಿದದ್ದು ಜೆರಾಕ್ಸು, ಮತ್ತೆ ಮಾವನ ಕೊಬ್ಬರಿ ಮಂಡಿಗೆ ಹೋಗಿ ಒಪ್ಪಿಗೆ ಪತ್ರಕ್ಕೊಂದು ಸಹಿ.

ಜೆರಾಕ್ಸ್ ಅಂಗಡಿಯ ಯೋಗಾನಂದ ಫೈಲು ಬಿಚ್ಚಿಕೊಂಡ. ಶಾಲೆಯವರು ಕೊಟ್ಟ ಕವರು ಇನ್ನೂ ಅಂಟಿಸಿದ ಹಾಗೇ ಇತ್ತು. ಫೀಸು ಕಟ್ಟುವವರು ಮಾವ. ಅವರು ಹೇಳಿದ್ದನ್ನೆಲ್ಲ ಇದರಲ್ಲೇ ಇಟ್ಟಿದ್ದೇನೆ ಎಂದು ಅಲ್ಲಿನ ಗುಮಾಸ್ತೆ ಕೈಗಿತ್ತಿದ್ದಳು. ಅಂಚು ಕಿತ್ತು ಒಳಗಿನದನ್ನು ತೆಗೆದ ಯೋಗಾನಂದ ಗಾಜಿನ ಮೇಲೆ ಒಂದೊಂದೇ ಹಾಳೆ ಮಲಗಿಸುತ್ತ ಹೋದ.

"ಟಿಸಿನೂ ಎರಡು ಕಾಪಿ ಹಾಕ್ಲೇನಕ್ಕ?"

"ಯಾರ ಟಿಸಿ?"

"ಈ ಪಾಪುದು. ಊರು ಬಿಡ್ತಿದ್ದೀರಾ ಎಲ್ರೂ?"

ಸುಮನಾ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಹೇಮಶ್ರೀ ಬಿ. ಎರಡನೇ ತರಗತಿ ತೇರ್ಗಡೆ. ಶಾಲೆ ಬಿಟ್ಟ ಕಾರಣ ಎಂಬ ಕಡೆ, ತಂದೆಯೊಂದಿಗೆ ವಿದೇಶದಲ್ಲಿ ವಿದ್ಯಾಭ್ಯಾಸ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಸೀಲು, ಸಹಿ ಎಲ್ಲ ಸರಿಯಾಗಿತ್ತು. ಒಂದು ತಿಂಗಳಿಗೆ ಹೋಗಿಬರುವ ಮಗುವಿಗೆ ಲಸಿಕೆ ಕಾರ್ಡೇಕೆ, ಅಂಕಪಟ್ಟಿಯೇಕೆ, ಹನ್ನೆರಡು ಫೋಟೋ ಏಕೆ ಎಂದು ಹದಿನೈದು ದಿನದಲ್ಲಿ ಒಂದು ಸಲವೂ ತನಗೆ ಹೊಳೆಯಲಿಲ್ಲವಲ್ಲ! ಹಾಳೆ ಹಿಡಿದುಕೊಂಡೇ ಅವಳು ಅಂಗಡಿಯ ಬೆಂಚಿನ ಮೇಲೆ ಕೂತಳು. ಇಷ್ಟನ್ನೂ ತಂದು ಕೊಟ್ಟವಳು ತಾನೇ. ಒಂದು ಕಾಗದಕ್ಕಾಗಿ ಎರಡು ಸಲ ರಜೆ ಹಾಕಿದ್ದಳು ಬೇರೆ.

ಆಗಲೇ ಬಸ್ಸು ಹತ್ತಿಬಿಡಬಹುದಿತ್ತು. ಆದರೆ ಮನುಷ್ಯರ ಬಾಯಿಂದ ಕೇಳದೆ ನಂಬಲು ಅವಳಿಗೆ ಮನಸ್ಸಾಗಲಿಲ್ಲ. ಮಾವ ಕೆಟ್ಟವರಲ್ಲ. ಅವಳು ಮನೆ ಬಿಟ್ಟ ಮೇಲೂ ಪ್ರತಿ ಹಬ್ಬಕ್ಕೆ ಮೊಮ್ಮಗಳಿಗೆ ಬಟ್ಟೆ ಕಳಿಸಿದವರು. ಮಗಳ ಕೈ ಹಿಡಿದು ಮಂಡಿಯ ಕಡೆ ನಡೆದಳು.

ಮಾವ ದೇವೀರಪ್ಪನವರ ಮಂಡಿಯಲ್ಲಿ ಒಣಕೊಬ್ಬರಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಅತ್ತೆ ಮಲ್ಲಿಕಾಂಬ ಮೊಮ್ಮಗಳಿಗಾಗಿ ಮನೆಯಿಂದ ಬಂದು ಕಾದಿದ್ದರು. ಹೇಮಶ್ರೀಯನ್ನು ತೊಡೆಗೆಳೆದುಕೊಂಡು ಕೊಬ್ಬರಿ ಮಿಠಾಯಿ ಬಾಯಿಗಿಟ್ಟರು.

"ಬಾ ತಾಯಿ, ಕೂತ್ಕ," ಎಂದು ದೇವೀರಪ್ಪ ಮೇಜಿನ ಮೇಲಿನ ಹಾಳೆಯನ್ನು ಅವಳ ಕಡೆ ತಿರುಗಿಸಿಟ್ಟರು. "ನೋಟರಿಯೋರು ಆಗ್ಲೇ ಸೀಲು ಹಾಕಿ ಕೊಟ್ಟವ್ರೆ. ನಿನ್ ಸಹಿ ಒಂದೇ ಬಾಕಿ."

"ಮಾವ, ಸ್ಕೂಲಿಂದ ಟಿಸಿ ಯಾಕೆ ತೆಗ್ಸಿದ್ದು?"

"ಅದಾ? ಆಫೀಸಿನೋರು ಏನ್ ಕೇಳ್ತಾರೋ, ಇರ್ಲಿ ಅಂತ ತೆಗ್ಸಿದೆ ಕಣಮ್ಮ."

"ಅಲ್ಲಿ ಸ್ಕೂಲ್ ತುಂಬ ಏಸಿಯಂತೆ ಕಣೇ ಪುಟ್ಟಿ," ಎಂದು ಮಲ್ಲಿಕಾಂಬ ಮೊಮ್ಮಗಳ ಗಲ್ಲ ಸವರಿದರು. ಮರುಕ್ಷಣವೇ ಗಂಡನ ಮುಖ ನೋಡಿ ಸುಮ್ಮನಾದರು.

ಮಂಡಿಯ ಹಿಂದೆಲ್ಲೋ ಕಾಯಿ ಸುಲಿಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ಸುಮನಾಗೆ ಕೂಗಾಡಬೇಕೆನಿಸಿತು, ಅಳು ಬಂತು. ಎರಡನ್ನೂ ನುಂಗಿಕೊಂಡಳು.

"ಮಠದಲ್ಲಿ ಬುದ್ಧಿಯೋರ ಮುಂದೆ ಆದ ಮಾತು ಏನಾಯ್ತು ಮಾವ?"

"ಮಾತು ಮಾತೇ. ಇಲ್ಲ ಅಂದೋರು ಯಾರು?" ದೇವೀರಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅವರ ದನಿ ಒಂದಿಷ್ಟೂ ಏರಿರಲಿಲ್ಲ. "ಆದ್ರೆ ಅದನ್ನ ಎಲ್ಲೂ ಬರ್ದಿಟ್ಟಿಲ್ವಲ್ಲ ಸುಮನಾ. ಮಗೂಗೂ ಅಪ್ಪ ಬೇಕು. ಯೋಚ್ನೆ ಮಾಡು."

ಅವಳು ಪೆನ್ನು ಕೈಗೆತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದರು. ಸಹಿ ಹಾಕುವ ಗೆರೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಪುಟ್ಟ ಗುರುತು ಮಾಡಿಟ್ಟಿದ್ದರು, ಅವಳು ದಾರಿ ತಪ್ಪದಿರಲಿ ಎಂಬಂತೆ.

"ಫೋಟೋ ಆಗಿರುತ್ತೆ," ಎಂದಳು ಸುಮನಾ. ಪೆನ್ನು ಕೆಳಗಿಟ್ಟು ಫೈಲನ್ನು ಎದೆಗವಚಿಕೊಂಡಳು. "ತಗೊಂಬತ್ತೀನಿ. ಪುಟ್ಟಿ, ಬಾ."

"ಮಗು ಇಲ್ಲೇ ಇರ್ಲಿ ಬಿಡೇ," ಎಂದರು ಮಲ್ಲಿಕಾಂಬ.

"ಇಲ್ಲ ಅತ್ತೆ, ಅವ್ಳಿಗೆ ಒಂದಕ್ಕೆ ಹೋಗ್ಬೇಕಂತೆ."

ಹೇಮಶ್ರೀ ತಾನು ಹಾಗೆ ಹೇಳಲಿಲ್ಲ ಎನ್ನಲು ಬಾಯಿ ತೆರೆದಳು. ಬಾಯ್ತುಂಬ ಮಿಠಾಯಿ ಇದ್ದದ್ದು ಒಳ್ಳೆಯದಾಯಿತು. ಮೆಟ್ಟಿಲಿಳಿಯುವಾಗ ಹಿಂದಿನಿಂದ ದೇವೀರಪ್ಪನವರ ದನಿ ಬಂತು.

"ನಿಧಾನಕ್ಕೆ ಹೋಗ್ಬಾ. ಅವಸರ ಏನಿಲ್ಲ. ತಾಯಿ ಸಹಿ ಸಿಗದೇ ಹೋದ್ರೆ, ಒಬ್ಬರದೇ ಸಹೀಲಿ ಕೇಳೋಕೂ ಬೇರೆ ಫಾರಂ ಇದೆಯಂತೆ. ನೀನಿದ್ದೀಯಲ್ಲ, ಅದ್ಯಾಕೆ ಅಂತ ಸುಮ್ನಿದ್ದೆ."

ಅವಳು ಸ್ಟುಡಿಯೋ ಕಡೆ ತಿರುಗಲೇ ಇಲ್ಲ. ಹೊರಡಲು ನಿಂತಿದ್ದ ಅಜ್ಜಂಪುರದ ಸರ್ಕಾರಿ ಬಸ್ಸಿಗೆ ಮಗಳನ್ನು ಎತ್ತಿ ಹಾಕಿ ತಾನೂ ಹತ್ತಿದಳು. ಕಂಡಕ್ಟರ್ ಕೇಳಿದಾಗ ಹೆಂಗಸರ ಉಚಿತ ಟಿಕೆಟ್ಟಿಗೆ ಫೈಲಿನಿಂದ ಇಬ್ಬರ ಆಧಾರ್ ತೋರಿಸಿದಳು. ಹದಿನೈದು ದಿನ ಕೂಡಿಸಿದ ಕಾಗದಗಳಲ್ಲಿ ಅವಳ ಉಪಯೋಗಕ್ಕೆ ಬಂದದ್ದು ಅಷ್ಟೇ. ಬಸ್ಸು ಊರು ದಾಟಿದ ಮೇಲೆ ಫೈಲು ಬಿಚ್ಚಿ ನೋಡಿದಳು. ಜನನ ಪತ್ರ ಇತ್ತು, ಲಸಿಕೆ ಕಾರ್ಡು ಇತ್ತು, ಟಿಸಿ ಇತ್ತು. ಎಲ್ಲ ತನ್ನ ಹತ್ತಿರವೇ ಇದೆ ಎಂದುಕೊಂಡಳು. ಇನ್ನೊಂದು ಸಲ ಎಣಿಸಿದಳು. ಫೋನು ಎರಡು ಸಲ ಬಡಿದುಕೊಂಡು ನಿಂತಿತು, ಅವಳು ತೆಗೆಯಲಿಲ್ಲ.

ಸಂಜೆ ಡೈರಿಯಲ್ಲಿ ಎಂದಿನಂತೆ ಕ್ಯೂ ಇತ್ತು. ಮಗಳನ್ನು ಮನೆಯಲ್ಲಿ ಬಿಡಲು ಧೈರ್ಯ ಸಾಲದೆ ಜೊತೆಗೇ ಕರೆತಂದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದಳು. ಕಾಶಮ್ಮನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುವ ಹೊತ್ತಿಗೆ ಮತ್ತೆ ಫೋನು ಬಂತು. ಗುರುಮೂರ್ತಿಯವರ ನಂಬರು ನೋಡಿ ಎತ್ತಿದಳು.

"ಫೋಟೋ ಇಲ್ಲೇ ಬಿಟ್ಟು ಹೋದ್ಯಲ್ಲಮ್ಮ ಅಂತ ಆಗ್ಲೇ ಎರಡು ಸಲ ಮಾಡಿದ್ದೆ. ಇನ್ನೇನ್ ಯೋಚ್ನೆ ಇಲ್ಲ, ನಿಮ್ ಮಾವನೋರೇ ಬಂದು ತಗೊಂಡ್ರು. ಹನ್ನೆರಡು ಸಾಲದು ಅಂತ ಇನ್ನೂ ಹನ್ನೆರಡು ಹಾಕ್ಸಿದ್ರು."

"ಇನ್ನೇನಾದ್ರೂ ಅಂದ್ರಾ ಸಾ?"

"ಏನಿಲ್ಲಮ್ಮ. ಜನನ ಪತ್ರದ್ದು ಇನ್ನೊಂದು ಪ್ರತಿ ತೆಗೆಸ್ಬೇಕು, ಆಫೀಸ್ ಮುಚ್ಬಿಡ್ತಾರೆ ಅಂತ ಅವಸರದಲ್ಲಿದ್ರು. ಫೋಟೋ ಮಾತ್ರ ಚೆನ್ನಾಗಿ ಬಂದೈತೆ. ಎರಡು ಕಿವೀನೂ ಎಷ್ಟು ಚೆನ್ನಾಗಿ ಕಾಣ್ತವೆ ಗೊತ್ತಾ!"

ಫೋನು ಕೆಳಗಿಟ್ಟಳು. ಲ್ಯಾಕ್ಟೋಮೀಟರ್ ಹಾಲಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡಿ ನಿಂತಿತು. ಅದು ಎಷ್ಟು ತೋರಿಸುತ್ತಿದೆ ಎಂದು ಅವಳು ಓದಲಿಲ್ಲ.

"ಎಷ್ಟೈತೆ ಹೇಳವ್ವ, ನೀರು ಹಾಕಿಲ್ಲ ನಾನು," ಎಂದಳು ಕಾಶಮ್ಮ.

ಸುಮನಾ ಮಗಳ ಕಡೆ ತಿರುಗಿದಳು. ಬೆಳಿಗ್ಗೆ ಸಿಕ್ಕಿಸಿದ ಕ್ಲಿಪ್ಪುಗಳು ಹಾಗೇ ಇದ್ದವು. ಒಂದನ್ನು ತೆಗೆದಳು, ಆಮೇಲೆ ಇನ್ನೊಂದನ್ನು. ಕೂದಲನ್ನು ಬೆರಳಿನಿಂದ ಬಿಡಿಸಿ ಎರಡೂ ಕಡೆ ಮುಂದಕ್ಕೆಳೆದಳು.

"ಯಾಕಮ್ಮ? ಕಿವಿ ಕಾಣ್ಬೇಕು ಅಂದ್ರಲ್ಲ ಅವ್ರು?" ಎಂದಳು ಹೇಮಶ್ರೀ.

ಹಿಂದೆ ನಿಂತವರು ಕ್ಯಾನುಗಳನ್ನು ಒಂದೊಂದು ಹೆಜ್ಜೆ ಮುಂದಕ್ಕೆ ಸರಿಸಿದರು. ಸುಮನಾ ಕಿವಿಗಳು ಪೂರ್ತಿ ಮುಚ್ಚುವ ತನಕ ಮಗಳ ಕೂದಲನ್ನು ನೇವರಿಸುತ್ತಲೇ ಇದ್ದಳು.