ಕಲ್ಲುದಿಣ್ಣೆಯ ಮೀನು

ಐದು ಜನ ಗಂಡಸರು ಶವಪೆಟ್ಟಿಗೆಯನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ ಹಾಗೇ ನಿಂತುಬಿಟ್ಟಿದ್ದರು. ಆರನೆಯ ಹಿಡಿಗೆ ಕೈಯಿರಲಿಲ್ಲ. ಪೆಟ್ಟಿಗೆ ಆ ಮೂಲೆಗೆ ವಾಲುತ್ತಿತ್ತು.

“ಯಾರಾದ್ರೂ ಬನ್ನಿ, ಕೈ ಸೋತುಹೋಗ್ತಿದೆ,” ಎಂದ ಕ್ಲೇಟಸ್. ಸರೋವರದ ದಾರಿಯಲ್ಲಿ ಗಾಳ, ಎರೆಹುಳು ಮಾರುವ ಅಂಗಡಿ ಅವನದು.

ಚರ್ಚಿನ ಕೊನೆಯ ಬೆಂಚಿನಿಂದ ವರ್ನಾ ಎದ್ದು ಬಂದಳು. ಎಪ್ಪತ್ತು ದಾಟಿದ ಹೆಂಗಸು. ಕೈಚೀಲವನ್ನು ಮೊಣಕೈಗೆ ಏರಿಸಿಕೊಂಡು ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದಳು. ಹೀಗೆ ಪೆಟ್ಟಿಗೆಯೊಳಗಿನ ಆರ್ವಿಡ್ ಲೆಹ್ತೊ ಚರ್ಚಿನ ಮೆಟ್ಟಿಲಿಳಿದ.

ಮಣ್ಣು ಹಾಕಿದ ಮೇಲೆ, ಮಿಲ್ವಾಕಿ ನಗರದಿಂದ ಬಂದಿದ್ದ ಆರ್ವಿಡ್‌ನ ಅಣ್ಣನ ಮಗ ಡ್ವೇನ್ ಅವಳ ಬಳಿ ಬಂದ.

“ತಪ್ಪು ತಿಳೀಬೇಡಿ. ನೀವು ನಮ್ಮ ಚಿಕ್ಕಪ್ಪನಿಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ. ಎದುರು ದಡದ ಮನೆ ನಂದು.”

* * *

ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಹಾಕಿದ್ದ ಎರಡು ಮೇಜುಗಳೂ ತುಂಬಲಿಲ್ಲ. ಆಲೂಗಡ್ಡೆ ಸಲಾಡಿನ ದೊಡ್ಡ ಪಾತ್ರೆ ಹಾಗೇ ಉಳಿದಿತ್ತು.

“ಚಳಿಗಾಲ ಪೂರ್ತಿ ರಸ್ತೆ ಹಿಮ ತಳ್ಳೋ ಲಾರಿ, ಬೇಸಿಗೆ ಪೂರ್ತಿ ದೋಣಿ. ಅಷ್ಟೇ ನಿಮ್ಮ ಚಿಕ್ಕಪ್ಪ,” ಎಂದ ಕ್ಲೇಟಸ್, ಡ್ವೇನ್‌ಗೆ. “ನೀರಲ್ಲಿ ಒಂದು ಕಲ್ಲುದಿಣ್ಣೆ ಇದೆ. ಅಲ್ಲೊಂದು ಮಸ್ಕಿ. ಎತ್ತಿ ನಿಲ್ಲಿಸಿದ್ರೆ ನಿನ್ನ ಎದೆಮಟ್ಟಕ್ಕೆ ಬರೋ ಮೀನು. ನೀರು ತಿಳಿ, ಚೆನ್ನಾಗಿ ಕಾಣುತ್ತೆ. ಗಾಳದ ಹಿಂದೇನೇ ದೋಣಿ ತನಕ ಬರುತ್ತೆ, ನೋಡುತ್ತೆ, ಹೋಗುತ್ತೆ. ಕಚ್ಚಲ್ಲ ಅಂದ್ರೆ ಕಚ್ಚಲ್ಲ. ನನ್ನಂಗಡಿಯಲ್ಲಿ ಅವನು ಕೊಳ್ಳದ ಗಾಳ ಇಲ್ಲ.”

“ಒಂದು ಸಲಾನೂ ಹಿಡೀಲಿಲ್ವಾ?”

“ಎಲ್ಲಿಂದ! ‘ಏನೋ, ನಿನ್ನ ಹೆಂಡ್ತಿ ಇವತ್ತೂ ಮುಖ ತಿರುಗಿಸಿದ್ಲಾ?’ ಅಂತ ಆ ಮೀನಿನ ಹೆಸರಲ್ಲಿ ರೇಗಿಸ್ತಿದ್ವಿ.”

ಮೇಜಿನ ಸುತ್ತ ನಗು ಎದ್ದಿತು.

“ಅವನೂ ನಗ್ತಿದ್ದ, ಪಾಪ.”

ವರ್ನಾ ತನ್ನ ತಟ್ಟೆ ಎತ್ತಿಕೊಂಡು ಅಡುಗೆಕೋಣೆಗೆ ಹೋದಳು.

* * *

ಹಲವು ವರ್ಷಗಳ ಹಿಂದೆ, ವರ್ನಾಳ ಗಂಡ ತೀರಿಕೊಂಡು ಕೆಲವೇ ತಿಂಗಳಾಗಿದ್ದಾಗ, ಒಂದು ಬೆಳಿಗ್ಗೆ ಆರ್ವಿಡ್ ದೋಣಿಯನ್ನು ಅವಳ ದೋಣಿಕಟ್ಟೆಗೆ ತಂದು ನಿಲ್ಲಿಸಿದ್ದ. ಹೊಸ ಅಂಗಿ ತೊಟ್ಟಿದ್ದ. ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ.

“ಏನೋ ಒಂದು ತೋರಿಸ್ಬೇಕಿತ್ತು. ಬರ್ತೀರಾ?”

ಕಲ್ಲುದಿಣ್ಣೆಯ ಮೇಲೆ ಇಬ್ಬರೂ ದೋಣಿಯಂಚಿಗೆ ಬಾಗಿ ನೋಡಿದರು. ಮುಳುಗಿದ ದಿಮ್ಮಿ ಎಂದು ಅವಳು ತಿಳಿದದ್ದು ಮೆಲ್ಲಗೆ ಕಿವಿರು ಆಡಿಸಿತು. ಆರ್ವಿಡ್ ಗಾಳ ಬೀಸಿ ಎಳೆದ. ಮೀನು ಅದರ ಬೆನ್ನಿಗೇ ಬಂತು. ಅವನು ಕೋಲಿನ ತುದಿಯನ್ನು ನೀರಿಗೆ ಅದ್ದಿ, ದೋಣಿಯ ಪಕ್ಕದಲ್ಲೇ ಎಂಟರ ಆಕಾರದಲ್ಲಿ ಸುತ್ತಿಸಿದ. ಮೀನೂ ಒಂದು ಸುತ್ತು ತಿರುಗಿತು. ಆಮೇಲೆ, ಏನೋ ನೆನಪಾದಂತೆ, ಕೆಳಕ್ಕೆ ಇಳಿದುಹೋಯಿತು.

“ಬೇಜಾರಾಗಲ್ವಾ?” ಎಂದಳು ವರ್ನಾ.

“ಬರುತ್ತಲ್ಲ. ಬಂದು ನೋಡುತ್ತಲ್ಲ. ಅಷ್ಟು ಹೊತ್ತು ಚೆನ್ನಾಗಿರುತ್ತೆ.”

ವಾಪಸು ಬರುವಾಗ ಅವನು ಹುಟ್ಟಿನ ಕಡೆ ನೋಡುತ್ತಾ ಕೇಳಿದ: “ಶುಕ್ರವಾರ ಕ್ಲಬ್ಬಲ್ಲಿ ಮೀನು ಕರೀತಾರೆ. ನಾವಿಬ್ರೂ ಊಟಕ್ಕೆ ಹೋಗೋಣ್ವಾ?”

“ಈಗ ಬೇಡ, ಆರ್ವಿಡ್.”

ಅವನು ತಲೆಯಾಡಿಸಿದ. ಅವನ ಕಿವಿಗೆ ಬಿದ್ದದ್ದು ‘ಬೇಡ’ ಒಂದೇ.

ಮರುವರ್ಷ ವರ್ನಾ ನೀಲಿ ಉಡುಪೊಂದನ್ನು ಕೊಂಡು ಕಾದಳು. ಅವನು ಕೇಳಲಿಲ್ಲ. ಚಳಿಗಾಲದಲ್ಲಿ ಅವಳು ಏಳುವ ಮೊದಲೇ ಅಂಗಳದ ಹಿಮ ಬದಿಗೆ ಸರಿದಿರುತ್ತಿತ್ತು. ಒಮ್ಮೆ ಬೇಗ ಎದ್ದು ಅವನಿಗೆಂದು ಕಾಫಿ ಬಗ್ಗಿಸಿ ಬಾಗಿಲು ತೆರೆದಳು. ಅಷ್ಟರಲ್ಲಿ ಲಾರಿ ತಿರುವು ದಾಟಿತ್ತು.

* * *

ಅಡುಗೆಕೋಣೆಯಲ್ಲಿ ವರ್ನಾ ತೊಳೆದ ಲೋಟಗಳನ್ನು ಡ್ವೇನ್ ಒರೆಸಿಟ್ಟ.

“ಚಿಕ್ಕಪ್ಪ ಹೋದ ದಿನ ಫೋನ್ ಮಾಡಿದ್ದು ನೀವೇ ಅಂತೆ.”

“ಹೂಂ.” ಅವಳು ನಲ್ಲಿ ನಿಲ್ಲಿಸಿದಳು. “ಬೆಳಿಗ್ಗೆ ಕಿಟಕೀಲಿ ನೋಡಿದೆ. ದೋಣೀಲಿ ಬಗ್ಗಿ ನೀರು ನೋಡ್ತಿದ್ದ. ದಿನಾ ಹಾಗೇ ನೋಡ್ತಿದ್ನಲ್ಲ. ಮಧ್ಯಾಹ್ನ ಬಟ್ಟೆ ಒಣಹಾಕುವಾಗ್ಲೂ ಹಾಗೇ ಇದ್ದ. ಮೀನು ತುಂಬಾ ಹತ್ರ ಬಂದಿರ್ಬೇಕು ಅಂದ್ಕೊಂಡೆ. ಸದ್ದಿಗೆ ಎಲ್ಲಿ ಓಡಿಹೋಗುತ್ತೋ ಅಂತ ರೇಡಿಯೋ ಸಣ್ಣ ಮಾಡಿದೆ.”

ಡ್ವೇನ್ ಒರೆಸಿದ ಲೋಟವನ್ನು ಕೆಳಗಿಟ್ಟ.

“ಸಂಜೆ ಬಿಸಿಲು ನೇರ ಮುಖಕ್ಕೆ ಬಿತ್ತು. ಟೋಪಿ ಸರಿಮಾಡ್ಕೊಳ್ಳಲಿಲ್ಲ. ಆಗ ಗೊತ್ತಾಯ್ತು.”

“ನೀವೇನು ಮಾಡೋದಕ್ಕಾಗ್ತಿತ್ತು?”

“ಡಾಕ್ಟರೂ ಹಾಗೇ ಅಂದ್ರು,” ಎಂದು ಅವಳು ಇನ್ನೊಂದು ಲೋಟ ತೆಗೆದುಕೊಂಡಳು.

* * *

ಮನೆಗೆ ಬಂದವಳು ಒಳಗೆ ಹೋಗದೆ ದೋಣಿಕಟ್ಟೆಗೆ ನಡೆದಳು. ಇಬ್ಬರು ಅಪರಿಚಿತರು ಹೊಳೆಯುವ ಹೊಸ ದೋಣಿಯಲ್ಲಿ ಕಲ್ಲುದಿಣ್ಣೆಯ ಕಡೆ ಬರುತ್ತಿದ್ದರು.

“ಅಜ್ಜೀ, ಇಲ್ಲಿ ಮೀನಿದೆಯಾ?” ಒಬ್ಬ ಕೂಗಿದ.

“ಏನೂ ಇಲ್ಲ. ಬರೀ ಕಲ್ಲು.”

ಅವರು ಆದರೂ ಗಾಳ ಬೀಸಿದರು. ಮೂರನೆಯ ಸಲವೋ ನಾಲ್ಕನೆಯ ಸಲವೋ ಬೀಸಿದಾಗ ದೋಣಿ ತೊನೆಯಿತು.

“ಅಬ್ಬಾ! ನೋಡೋ, ಬಂತು, ಬಂತು!”

ವರ್ನಾ ಕಟ್ಟೆಯ ತುದಿಗೆ ಬಂದಳು. ಆ ಇಬ್ಬರೂ ಅಂಚಿಗೆ ಬಾಗಿ, ಉಸಿರೆತ್ತದೆ ನೋಡುತ್ತಿದ್ದರು.

“ಥೂ! ಹೋಯ್ತಲ್ಲೋ!”

ಅವಳು ಜೋರಾಗಿ ನಕ್ಕುಬಿಟ್ಟಳು. ಅವರಿಬ್ಬರೂ ತಿರುಗಿ ನೋಡಿದರು: ಕಪ್ಪು ಉಡುಪಿನ ಮುದುಕಿಯೊಬ್ಬಳು ದೋಣಿಕಟ್ಟೆಯ ಹಲಗೆಯ ಮೇಲೆ ಕೂತು, ಬೂಟುಗಳನ್ನೂ ಬಿಚ್ಚದೆ, ಎರಡೂ ಕಾಲನ್ನು ತಣ್ಣನೆಯ ನೀರಿಗೆ ಇಳಿಬಿಡುತ್ತಿದ್ದಳು.