ಒಂದೂಕಾಲು ಪಾಲಿನ ತಪ್ಪು

ಅಣ್ಣನ ಅಂಗಿಯ ಮೇಲಿನ ಗುಂಡಿ ಹಾಕಲು ತಮ್ಮನ ಕೈಲಿ ಆಗಲಿಲ್ಲ. ಅಣ್ಣನ ಹೆಂಡತಿ ಅವನ ಕೈ ಸರಿಸಿ ತಾನೇ ಹಾಕಿದಳು. ಬದುಕಿದ್ದಾಗ ಒಂದು ದಿನವೂ ಕತ್ತಿನ ಗುಂಡಿ ಹಾಕಿಕೊಂಡ ಮನುಷ್ಯನಲ್ಲ, ಇವತ್ತು ತಕರಾರಿಲ್ಲದೆ ಹಾಕಿಸಿಕೊಂಡರು.

ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಕಚೇರಿಯವರು ಗೋಡೆಗೆ ಅಂಟಿಕೊಂಡು ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಸತ್ತವರನ್ನು ಅವರೆಲ್ಲ ಕರೆಯುತ್ತಿದ್ದದ್ದು ದಶಾಂಶ ಎಂದು. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರೂ ಆರು ಪಾಯಿಂಟ್ ಐದಕ್ಕೆ ಎಂದು ಚುಕ್ಕಿ ಇಟ್ಟು ಉತ್ತರ ಹೇಳುವವರು. ಹಾಲಿನ ಪಾತ್ರೆಗೆ ಮುಚ್ಚಳ ಹಾಕದಿದ್ದರೆ ಎಷ್ಟು ಅನಿಲ ದಂಡ ಎಂದು ಮೂವತ್ತು ವರ್ಷ ಹೆಂಡತಿಗೆ ಪಾಠ ಹೇಳಿದ್ದರು. ಹಾಲು ಉಕ್ಕಿದಾಗ ಮಾತ್ರ ಅಲ್ಲಿರುತ್ತಿರಲಿಲ್ಲ. ಅದನ್ನು ನೆನೆದು ಒಬ್ಬ ನಕ್ಕವನು, ತಟ್ಟನೆ ಬಾಯಿ ಮುಚ್ಚಿಕೊಂಡ.

ಹೆಂಡತಿಗೆ ಕಚೇರಿಯವರ ಮೇಲೆ ಕೋಪವಿತ್ತು. ಗಂಡನ ಮೇಲೂ ಇತ್ತು. ಬರುವ ಸೋಮವಾರ ಗಂಡನ ಕೊನೆಯ ವರದಿ ಕಚೇರಿಯ ಸಭೆಯ ಮುಂದೆ ಹೋಗುವುದಿತ್ತು. ಅದರ ಕಡೆಯ ಸಾಲು ಆಕೆಗೆ ಬಾಯಿಪಾಠ: ವ್ಯತ್ಯಾಸಕ್ಕೆ ನನ್ನ ಲೆಕ್ಕದ ದೋಷವೇ ಕಾರಣ. ಕೆಳಗೆ ಸಹಿ.

*

ಕಟ್ಟುವ ಮೊದಲೇ ವಿದ್ಯುತ್ ಸ್ಥಾವರವನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವುದು ಅವರ ಕೆಲಸ. ಆ ವರದಿಯಲ್ಲಿದ್ದದ್ದು ನೈಸರ್ಗಿಕ ಅನಿಲ ಉರಿಸಿ, ಹೊಗೆಯಲ್ಲಿನ ಇಂಗಾಲವನ್ನು ಆಕಾಶಕ್ಕೆ ಬಿಡದೆ ಹಿಡಿದಿಡುವ ಸ್ಥಾವರ. ಆ ಹಿಡಿಯುವ ಕೆಲಸವೇ ಒಂದಷ್ಟು ಹಬೆ ನುಂಗುತ್ತದೆ. ಅದನ್ನೆಲ್ಲ ಕಳೆದು, ನೂರು ಪಾಲು ಶಾಖಕ್ಕೆ ನಲವತ್ತೊಂಬತ್ತು ಪಾಲು ವಿದ್ಯುತ್ತು ಸಿಗುತ್ತದೆ ಎಂದಿದ್ದರು. ಸ್ಥಾವರ ಶುರುವಾದಾಗ ಸಿಕ್ಕಿದ್ದು ನಲವತ್ತೇಳೂಮುಕ್ಕಾಲು.

ಉಳಿದದ್ದು ಎಲ್ಲಿ ಹೋಯಿತೆಂದು ಎರಡು ವರ್ಷ ಹುಡುಕಿದರು. ಹಬೆ ಟರ್ಬೈನನ್ನು ತಪ್ಪಿಸಿ ಹೋಗುವ ಅಡ್ಡಕೊಳವೆಯ ವಾಲ್ವ್ ಮುಚ್ಚಿದೆಯೇ ಎಂದು ಸ್ಥಾವರಕ್ಕೆ ಮೂರು ಸಲ ಬರೆದು ಕೇಳಿದರು. ಮುಚ್ಚಿದೆ ಎಂದು ಮೂರು ಸಲವೂ ಉತ್ತರ ಬಂತು.

"ಗೊತ್ತಿಲ್ಲ ಅಂತ ಬರೀರಿ, ಸಾಕು," ಎಂದಿದ್ದಳು ಹೆಂಡತಿ.

"ಇನ್ನೊಂದು ಸ್ಥಾವರ ಇದೇ ಲೆಕ್ಕದ ಮೇಲೆ ಕಟ್ತಾರೆ ಕಣೇ. ತಪ್ಪು ಅಲ್ಲಿಲ್ಲ ಅಂದ್ಮೇಲೆ ನಂದೇ ಅಲ್ವಾ."

ಹತ್ತು ದಿನದ ಹಿಂದೆ ಅದನ್ನು ಬರೆದ ಮೇಲೆ ಮನೆಯಲ್ಲೂ ಚುಕ್ಕಿ ಇಡುವುದನ್ನು ಬಿಟ್ಟರು. ಎಷ್ಟೊತ್ತಿಗೆ ಬರುತ್ತೀರಿ ಎಂದರೆ, ಬರುತ್ತೇನೆ ಎನ್ನುತ್ತಿದ್ದರು.

*

ಗಾಡಿ ಬಂದು ನಿಂತ ಹೊತ್ತಿಗೇ ಸ್ಥಾವರದ ಪಾಳಿಯ ಮೇಲ್ವಿಚಾರಕಿ ಒಳಗೆ ಬಂದಳು, ಕೆಲಸದ ಬೂಟಿನಲ್ಲೇ. ನೇರ ಹೆಂಡತಿಯ ಎದುರು ನಿಂತಳು. ಸಮಾಧಾನದ ಮಾತೇನೂ ಆಡಲಿಲ್ಲ. ಸಾವಿನ ಸುದ್ದಿ ಕೇಳಿದಾಗಿನಿಂದ ಮನಸ್ಸು ಕೊರೆಯುತ್ತಿತ್ತಂತೆ. ಬೆಳಿಗ್ಗೆ ಏಣಿ ಹತ್ತಿ ಆ ವಾಲ್ವಿನ ಹತ್ತಿರ ಹೋಗಿದ್ದಳು. ಅದು ಸರಿಯಾಗಿ ಮುಚ್ಚಿದ್ದರೆ ಆಚೆಗಿನ ಕೊಳವೆ ತಣ್ಣಗಿರಬೇಕು.

"ಸುಡ್ತಾ ಇತ್ತು," ಎಂದಳು. "ಒಳಗೊಳಗೇ ಹಬೆ ಸೋರ್ತಿದೆ. ಅಳೆದು ನೋಡಿದ್ವಿ, ಆ ಒಂದೂಕಾಲು ಪಾಲು ಅಲ್ಲೇ ಹೋಗ್ತಾ ಇದ್ದದ್ದು. ಅವರ ಲೆಕ್ಕ ಸರಿಯಾಗೇ ಇತ್ತು."

ಮತ್ತೆ ಹೇಳಿದಳು: "ಮೂರು ಸಲಾನೂ ಮುಚ್ಚಿದೆ ಅಂದವಳು ನಾನೇ. ಕಂಪ್ಯೂಟರ್ ಪರದೆ ನೋಡಿ ಹೇಳ್ಬಿಟ್ಟೆ. ಒಂದ್ಸಲಾನೂ ಹತ್ತಿ ನೋಡ್ಲಿಲ್ಲ. ಸೋಮವಾರ ಸಭೇಲಿ ಇದನ್ನೇ ಹೇಳ್ತೀನಿ."

ಅತ್ತಿಗೆ ಎಲ್ಲಿ ಕೈಯೆತ್ತುತ್ತಾಳೋ ಎಂದು ತಮ್ಮ ಒಂದು ಹೆಜ್ಜೆ ಮುಂದೆ ಬಂದ. ಬೆಳಗಿನಿಂದ ತಡೆದುಕೊಂಡಿದ್ದ ಅಳು ಆಕೆಗೆ ಈಗ ಒತ್ತರಿಸಿ ಬಂತು. ಈ ಮಾತು ಹತ್ತು ದಿನ ಮೊದಲು ಬರಬಾರದಿತ್ತೇ ಎನ್ನಿಸಿತು. ಹೊರಲು ಬಗ್ಗಿದ್ದವರಿಗೆ ಸ್ವಲ್ಪ ಇರಿ ಎಂದು ಕೈ ಮಾಡಿದಳು.

ಗಂಡನ ಎಡಗಿವಿ, ಮೊದಲು ಸ್ಥಾವರದಲ್ಲಿ ಕೆಲಸ ಮಾಡುವಾಗಲೇ, ಟರ್ಬೈನಿನ ಸದ್ದಿಗೆ ಹೋಗಿತ್ತು. ಆಕೆ ಕಾಲಿನ ಕಡೆಯಿಂದ ಸುತ್ತಿಕೊಂಡು ಬಲಗಡೆಗೆ ಬಂದಳು, ಮಂಡಿಯೂರಿ ಕೂತಳು, ಕಿವಿಗೆ ಬಾಯಿ ಹಚ್ಚಿ ಹೇಳತೊಡಗಿದಳು.